ಕಡಲ ತೀರದಲ್ಲಿ ಈಜುಡುಗೆ ಶೂಟ್: ಮೊದಲ ಸಲ ಹೋಗುತ್ತಿದ್ದೇನೆ, ಏನೇನು ನೋಡಿಕೊಳ್ಳಬೇಕು?

ಹುಬ್ಬಳ್ಳಿ ಫೋಕಸ್
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಮಂಟಪ, ಆರತಕ್ಷತೆ, ಪ್ರಿ-ವೆಡ್ಡಿಂಗ್ ಎಲ್ಲ ಕೈಗೆ ಕೂತಿವೆ. ಈಗ ಬೇರೆಯದೇ ಕೆಲಸ ಬಂದಿದೆ. ಬೆಂಗಳೂರಿನ ಒಬ್ಬ ಹೆಣ್ಣುಮಗಳು ಸ್ವಂತವಾಗಿ ಈಜುಡುಗೆ ಹೊಲಿಸಿ ಮಾರಲು ಶುರು ಮಾಡಿದ್ದಾರೆ. ನಾನು ಮಾಡಿದ ಒಂದು ಮದುವೆ ಆಲ್ಬಂ ನೋಡಿ ಫೋನ್ ಮಾಡಿದರು. 14 ಉಡುಪು, ಇಬ್ಬರು ಮಾಡೆಲ್, ಎರಡು ದಿನ. ಜಾಗ ಕುಮಟಾ ಹತ್ತಿರದ ಕಡಲ ತೀರ. ಜನವರಿ ಕೊನೆಯ ವಾರ.

ನನ್ನ ಹತ್ತಿರ ಎರಡು ಕ್ಯಾಮೆರಾ ಇವೆ. 24-70, 70-200, ಒಂದು 85 ಲೆನ್ಸ್. ಎರಡು ಬ್ಯಾಟರಿ ಫ್ಲ್ಯಾಶ್, ಒಂದು ರಿಫ್ಲೆಕ್ಟರ್.

ಭಯ ಇದೆ. ಬೆಳಕಿನದು ಒಂದು ಪಾಲು, ಉಳಿದದ್ದು ಬೇರೆ. ಮದುವೆಯಲ್ಲಿ ಹುಡುಗಿಯ ಸುತ್ತ ಅಕ್ಕ, ಅತ್ತಿಗೆ, ಚಿಕ್ಕಮ್ಮ ಇರುತ್ತಾರೆ. ಸೆರಗು ಸರಿ ಮಾಡುವವರು ಅವರೇ. ನಾನು ದೂರ ನಿಂತು "ಸ್ವಲ್ಪ ಸೆರಗು ನೋಡಿ ಅಕ್ಕಾ" ಅಂದರೆ ಸಾಕು. ಇಲ್ಲಿ ಆ ಕೆಲಸ ಯಾರದು? ತಿಳಿದವರು ಹೇಳಿ.

ಕಡಲ ಬೆಳಕು
ಮಲ್ಪೆಯಲ್ಲಿ ಹುಟ್ಟಿ ಬೆಳೆದವನು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬೆಳಕಿನದನ್ನು ನಾನು ಹೇಳುತ್ತೇನೆ.

ನಮ್ಮ ಕರಾವಳಿಯ ಮುಖ ಪಶ್ಚಿಮಕ್ಕೆ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಬೆಳಿಗ್ಗೆ ನೀವು ಸಮುದ್ರದ ಕಡೆ ನೋಡುತ್ತಾ ನಿಂತರೆ ಸೂರ್ಯ ನಿಮ್ಮ ಬೆನ್ನಿಗೆ ಇರುತ್ತಾನೆ. ಮಾಡೆಲ್ ಮುಖಕ್ಕೆ ನೇರ ಬೆಳಕು, ಹಿಂದೆ ನೀಲಿ ನೀರು, ನೀಲಿ ಆಕಾಶ. ಸಂಜೆ ಎಲ್ಲ ತಿರುವುಮುರುವು. ಸೂರ್ಯ ನೀರಿನ ಮೇಲೆ, ಮಾಡೆಲ್ ಬೆನ್ನಿಗೆ. ಕೂದಲಿಗೆ ಚಿನ್ನದ ಅಂಚು ಬರುತ್ತದೆ, ಆದರೆ ಬಟ್ಟೆಯ ಬಣ್ಣ ಮಂಕಾಗುತ್ತದೆ. ಎಲ್ಲರೂ ಸೂರ್ಯಾಸ್ತದ ಹಿಂದೆ ಓಡುತ್ತಾರೆ. ನಿಮ್ಮದು ಕ್ಯಾಟಲಾಗ್. ಬಣ್ಣ ಸರಿಯಾಗಿ ಕಾಣಬೇಕು. ಆದ್ದರಿಂದ ಬೆಳಗಿನ ಹೊತ್ತಿಗೆ ಮುಖ್ಯ ಉಡುಪುಗಳನ್ನು ಇಟ್ಟುಕೊಳ್ಳಿ, ಸಂಜೆಗೆ ನಾಲ್ಕೈದು ಚಂದದ ಚಿತ್ರ ಸಾಕು.

ಜನವರಿ ಕೊನೆಗೆ ಆ ಕಡೆ ಸೂರ್ಯ ಹುಟ್ಟುವುದು ಏಳರ ಆಸುಪಾಸು. ಆದರೆ ಹಿಂದೆ ಗುಡ್ಡ ಇದ್ದರೆ ಮರಳಿಗೆ ಬಿಸಿಲು ಬೀಳುವುದು ಇನ್ನೂ ತಡ. ಆ ನಡುವಿನ ಹೊತ್ತನ್ನು ಬಿಡಬೇಡಿ. ಮಾಡೆಲ್ ನೆರಳಿನಲ್ಲಿ, ದೂರದ ನೀರು ಬಿಸಿಲಿನಲ್ಲಿ. ಮೆತ್ತಗಿನ ಬೆಳಕು. ಒಂದು ಫ್ಲ್ಯಾಶ್ ಅಥವಾ ಬಿಳಿ ರಿಫ್ಲೆಕ್ಟರ್ ಸಾಕು.

ಮರಳಿನ ಬಗ್ಗೆ ಎರಡು ಮಾತು. ಒಣ ಮರಳು ತಾನೇ ದೊಡ್ಡ ರಿಫ್ಲೆಕ್ಟರ್. ಅದರ ಮೇಲೆ ನಿಂತವರ ಗಲ್ಲದ ಕೆಳಗೆ, ಕಣ್ಣಿನ ಕುಳಿಗೆ ಕೆಳಗಿನಿಂದ ಬೆಳಕು ಬರುತ್ತದೆ. ಒದ್ದೆ ಮರಳಿಗೆ ನಾಲ್ಕು ಹೆಜ್ಜೆ ಇಳಿದರೆ ಆ ಬೆಳಕು ಹೋಯಿತು. ಎರಡನೆಯದು, ಆಟೋದಲ್ಲಿಟ್ಟರೆ ಕ್ಯಾಮೆರಾ ಬಿಳಿ ಮರಳು ನೋಡಿ ಮೋಸ ಹೋಗುತ್ತದೆ. ಚಿತ್ರ ಕತ್ತಲಾಗುತ್ತದೆ. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಮೈ ಮಸಿ ಹಿಡಿದ ಹಾಗೆ ಕಾಣುತ್ತದೆ. ಮುಖಕ್ಕೆ ಸ್ಪಾಟ್ ಮೀಟರ್ ಇಡಿ, ಅದು ಆ ಒಂದು ಜಾಗದ ಬೆಳಕನ್ನಷ್ಟೇ ಅಳೆಯುತ್ತದೆ, ಇಲ್ಲವೇ ಮ್ಯಾನುಯಲ್‌ಗೆ ಹೋಗಿ. ಆಮೇಲೆ ಕಂಪ್ಯೂಟರಿನಲ್ಲಿ ಮೈಬಣ್ಣ ತಿಳಿ ಮಾಡುತ್ತೇನೆ ಅನ್ನಬೇಡಿ. ಅಲ್ಲೇ ಸರಿಯಾಗಿ ಹಿಡಿಯಿರಿ. ಆ ಬಣ್ಣಕ್ಕೆ ಬೆಳಗಿನ ಬಿಸಿಲಿನಲ್ಲಿ ಬರುವ ಕಳೆ ಬೇರೆ ಯಾವ ಬಣ್ಣಕ್ಕೂ ಬರುವುದಿಲ್ಲ.

ಗದಗ ಕ್ಲಿಕ್
ಬಿಸಿಲಿನಲ್ಲಿ ಫ್ಲ್ಯಾಶ್ ಹಾಕಿದರೆ ಹಿನ್ನೆಲೆ ಮಸುಕು ಆಗೋದಿಲ್ಲ ಅಲ್ವಾ? ಲೆನ್ಸ್ ಅಗಲವಾಗಿ ತೆರೆದು ಎಫ್ 2.8 ಇಡೋಕೆ ಆಗೋದಿಲ್ಲ.

ಕಡಲ ಬೆಳಕು
ಆಗುತ್ತದೆ, ಎನ್‌ಡಿ ಫಿಲ್ಟರ್ ಬೇಕು, ಅಂದರೆ ಲೆನ್ಸ್ ಮುಂದೆ ಹಾಕಿ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಲೆಕ್ಕ ನೋಡಿ. ಪೂರ್ತಿ ಬಿಸಿಲಿನಲ್ಲಿ ಐಎಸ್‌ಓ 100ಕ್ಕೆ ಎಫ್ 16, ಶಟರ್ 1/100. ಎಫ್ 2.8ಕ್ಕೆ ಬಂದರೆ ಶಟರ್ 1/3200 ಆಯಿತು. ಫ್ಲ್ಯಾಶ್ ಸಿಂಕ್, ಅಂದರೆ ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್, ಸಾಮಾನ್ಯವಾಗಿ 1/200 ಅಥವಾ 1/250. ನಡುವೆ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೆ ಬೆಳಕು ಅರ್ಧ). ಅಂದರೆ ಎನ್‌ಡಿ 16. ಹೈಸ್ಪೀಡ್ ಸಿಂಕ್ ಇದೆ, ಆದರೆ ಸಣ್ಣ ಬ್ಯಾಟರಿ ಫ್ಲ್ಯಾಶ್ ಅದರಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ.

ಪೋಲರೈಸರ್ ಕೂಡ ಇಟ್ಟುಕೊಳ್ಳಿ, ನೀರಿನ ಹೊಳಪು ಕಡಿಮೆ ಮಾಡಲು. ಆದರೆ ಒದ್ದೆ ಮೈಯ ಹೊಳಪನ್ನೂ ಅದು ತಿನ್ನುತ್ತದೆ. ನೋಡಿಕೊಂಡು ತಿರುಗಿಸಿ. ಫ್ಲ್ಯಾಶಿಗೆ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ಹಚ್ಚಿದರೆ ಸ್ಟ್ಯಾಂಡ್ ಹಿಡಿಯಲು ಒಬ್ಬ ಹುಡುಗ ಬೇಕೇ ಬೇಕು. ಮಧ್ಯಾಹ್ನದ ಕಡಲ ಗಾಳಿಗೆ ಅದು ದೋಣಿಯ ಹಾಯಿ ಆಗುತ್ತದೆ. ಖಾಲಿ ಚೀಲ ಒಯ್ಯಿರಿ, ಅಲ್ಲಿಯ ಮರಳನ್ನೇ ತುಂಬಿ ಕಾಲಿಗೆ ಕಟ್ಟಿ.

ಅಘನಾಶಿನಿ ತೀರ
ಸರ್, ಕುಮಟಾದವನು ನಾನು. ನಮ್ಮೂರಿಗೆ ಬನ್ನಿ, ಸ್ವಾಗತ. ಆದರೆ ನಸುಕಿನಲ್ಲಿ ತೀರ ಖಾಲಿ ಇರುತ್ತದೆ ಅಂದುಕೊಳ್ಳಬೇಡಿ. ನಮ್ಮವರ ಕೆಲಸ ಶುರುವಾಗುವುದೇ ಆಗ. ದೋಣಿ ದಡಕ್ಕೆ ಬರುತ್ತವೆ. ಕೈರಂಪಣಿ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ, ಎಳೆಯುವ ದಿನ ಹತ್ತಾರು ಜನ ಹಗ್ಗ ಹಿಡಿದು ನಿಂತಿರುತ್ತಾರೆ. ಅವರ ನಡುವೆ ಹೋಗಿ "ಸ್ವಲ್ಪ ಸರಿಯಿರಿ, ಶೂಟಿಂಗ್ ಇದೆ" ಅಂದರೆ ಯಾರಿಗೆ ಸರಿ ಅನಿಸುತ್ತದೆ? ಹಿಂದಿನ ದಿನವೇ ಬಂದು ಮಾತಾಡಿ. ಊರ ಹಿರಿಯರಿಗೆ ಹೇಳಿ. ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟು ಸಹಿ ಮಾಡಿಸಿದ ಪ್ರತಿ ಜೇಬಿನಲ್ಲಿರಲಿ. ಯಾವ ತುದಿಯಲ್ಲಿ ಬಲೆ ಬೀಳುವುದಿಲ್ಲ, ಎಲ್ಲಿ ಜನ ಬರುವುದಿಲ್ಲ ಎಂದು ಅವರೇ ತೋರಿಸುತ್ತಾರೆ.

ಭರತ ಇಳಿತ ನೋಡದೆ ದಿನ ಗೊತ್ತು ಮಾಡಬೇಡಿ. ಅದರ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ. ಬಂಡೆಯ ಆಚೆಯ ಸಣ್ಣ ಮರಳಿಗೆ ಇಳಿತದಲ್ಲಿ ನಡೆದು ಹೋದವರು ಭರತದಲ್ಲಿ ಅಲ್ಲೇ ಸಿಕ್ಕಿಬಿದ್ದದ್ದು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆ ಇಲ್ಲದೆ, ನೀರು ಕಪ್ಪಗೆ ಶಾಂತವಾಗಿ ಕಂಡರೆ ಅಲ್ಲಿ ಮಾಡೆಲ್‌ಗಳನ್ನು ಇಳಿಸಬೇಡಿ. ಫೋಟೋಗೆ ಅದೇ ಚಂದ ಕಾಣುತ್ತದೆ. ಆದರೆ ನೀರು ಒಳಗೆ ಎಳೆಯುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಎಳೆತದಿಂದ ಹೊರಗೆ ಬರಬೇಕು. ನಮ್ಮ ಕಡೆಯ ಒಬ್ಬ ಈಜುಗಾರನಿಗೆ ದಿನಗೂಲಿ ಕೊಟ್ಟು ನಿಲ್ಲಿಸಿಕೊಳ್ಳಿ.

ಮರಳ ದಾರಿ
ನಾನು ಆರು ವರ್ಷದಿಂದ ಮಾಡೆಲಿಂಗ್ ಮಾಡುತ್ತಿದ್ದೇನೆ. ಊರು ತುಮಕೂರು. ಸರ್, ನಿಮ್ಮ ಕೊನೆಯ ಪ್ರಶ್ನೆ ಓದಿ ಸಮಾಧಾನ ಆಯಿತು. ತುಂಬ ಜನ ಕೇಳುವುದೇ ಇಲ್ಲ.

ಬಟ್ಟೆ ಸರಿ ಮಾಡುವುದು ಸ್ಟೈಲಿಸ್ಟ್ ಕೆಲಸ. ಸ್ಟೈಲಿಸ್ಟ್ ಹೆಣ್ಣುಮಗಳಾಗಿರಲಿ. ಬಜೆಟ್ ಇಲ್ಲ ಅಂದರೆ ಆ ಬ್ರ್ಯಾಂಡಿನ ಮೇಡಂ ಅವರೇ ನಿಲ್ಲಲಿ. ನೀವು ಕೈ ಹಾಕಬೇಡಿ. ಕೂದಲು ಸರಿಸಲೂ ಬೇಡ. "ಎಡಗಡೆಯ ಪಟ್ಟಿ ತಿರುಚಿಕೊಂಡಿದೆ, ನೋಡಿಕೊಳ್ಳಿ" ಎಂದು ಬಾಯಲ್ಲಿ ಹೇಳಿದರೆ ಸಾಕು. ನಿಲ್ಲುವ ಭಂಗಿ ಬೇಕಾದರೆ ನೀವೇ ನಿಂತು ತೋರಿಸಿ.

ಹೊಗಳುವಾಗಲೂ ನೋಡಿ ಮಾತಾಡಿ. "ಬೆಳಕು ಚೆನ್ನಾಗಿ ಬಂತು", "ಆ ನಡಿಗೆ ಸರಿಯಾಯಿತು" ಅನ್ನಿ. ನನ್ನ ಮೈ ಬಗ್ಗೆ ಮಾತು ಬೇಡ. ಹೊಗಳಿಕೆ ಆದರೂ ಬೇಡ. ಅಂಥ ಒಂದು ಮಾತು ಬಿದ್ದರೆ ಆಮೇಲಿನ ಒಂದು ಗಂಟೆ ನಾನು ಹೊಟ್ಟೆ ಬಿಗಿ ಹಿಡಿದೇ ನಿಲ್ಲುತ್ತೇನೆ.

ಬಟ್ಟೆ ಬದಲಿಸಲು ನಾಲ್ಕೂ ಕಡೆ ಮುಚ್ಚಿದ ಟೆಂಟ್ ಬೇಕು. ಕಾರಿನ ಹಿಂದೆ ಟವೆಲ್ ಹಿಡಿದು ನಿಲ್ಲುವುದು ಟೆಂಟ್ ಅಲ್ಲ. ಎರಡು ದೊಡ್ಡ ನಿಲುವಂಗಿ ಅಥವಾ ದಪ್ಪ ಟವೆಲ್ ಯಾವಾಗಲೂ ಕೈಗೆ ಸಿಗುವಂತಿರಲಿ. ನೀವು ಕ್ಯಾಮೆರಾ ಇಳಿಸಿ ಸೆಟ್ಟಿಂಗ್ ನೋಡುವಾಗ ಯಾರಾದರೂ ತಂದು ಹೊದಿಸಬೇಕು. ಶಟರ್ ಹೊಡೆಯದ ಹೊತ್ತಿನಲ್ಲಿ ನಾನು ಹಾಗೇ ನಿಂತಿರಬೇಕಾಗಿಲ್ಲ ಅಲ್ವಾ? ಫ್ಲಾಸ್ಕಿನಲ್ಲಿ ಬಿಸಿನೀರು ಇಡಿ. ಜನವರಿ ಬೆಳಿಗ್ಗೆ ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಮೈ ಮುಳ್ಳೇಳುತ್ತದೆ, ಅದು ಫೋಟೋದಲ್ಲೂ ಕಾಣುತ್ತದೆ.

ಒಂದು ಕಹಿ ಅನುಭವ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಶೂಟ್. ಫೋಟೋಗ್ರಾಫರ್ ಒಳ್ಳೆಯವರೇ. ಯೂನಿಟ್ಟಿನ ಒಬ್ಬ ಹುಡುಗ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ನಾನು ಪಟ್ಟಿ ಸರಿ ಮಾಡಿಕೊಳ್ಳುವುದು, ಮರಳು ಕೊಡವಿಕೊಳ್ಳುವುದು, ಅಂಥದ್ದು. ಎರಡು ದಿನದಲ್ಲಿ ಅದು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ನನ್ನ ಚಿಕ್ಕಪ್ಪನ ಫೋನಿಗೆ ಬಂತು. ಆ ಕ್ಯಾಟಲಾಗಿನ ಚಿತ್ರಗಳನ್ನು ನಾನೇ ಅಮ್ಮನಿಗೆ ತೋರಿಸಿದ್ದೆ, ಅಮ್ಮ ಖುಷಿಪಟ್ಟಿದ್ದರು. ಈ ವಿಡಿಯೋ ನೋಡಿ ಅತ್ತರು. ಬಟ್ಟೆ ಅದೇ, ಮೈ ಅದೇ. ನಾನು ಒಪ್ಪಿ ಕೊಟ್ಟದ್ದು ಒಂದು, ನನ್ನನ್ನು ಕೇಳದೆ ತೆಗೆದುಕೊಂಡದ್ದು ಇನ್ನೊಂದು. ಆ ವ್ಯತ್ಯಾಸ ಅಮ್ಮನಿಗೆ ಒಂದು ಕ್ಷಣದಲ್ಲಿ ತಿಳಿಯಿತು.

ಆಮೇಲಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಶೂಟ್ ಶುರುವಾಗುವ ಮೊದಲು ಎಲ್ಲರ ಮೊಬೈಲ್ ಒಂದು ಡಬ್ಬಿಗೆ. ಡ್ರೈವರ್‌ದೂ, ಮೇಕಪ್ಪಿನವರದೂ, ನನ್ನದೂ.

ಹುಬ್ಬಳ್ಳಿ ಫೋಕಸ್
ಮೇಡಂ, ಓದಿ ಸುಮ್ಮನೆ ಕೂತುಬಿಟ್ಟೆ. ಡಬ್ಬಿ ನಾನೇ ತರುತ್ತೇನೆ.

ಶಿರಸಿ ಓದುಗ
ಯಾರ ಮೇಲೂ ಸಿಟ್ಟಿಲ್ಲ, ಮನಸ್ಸಿಗೆ ಅನಿಸಿದ್ದು ಹೇಳುತ್ತೇನೆ. ಆ ಕಡೆ ಎಂದರೆ ನಮಗೆ ಗೋಕರ್ಣ, ಮಹಾಬಲೇಶ್ವರ, ಕೋಟಿತೀರ್ಥ. ಅಂಥ ನೆಲದಲ್ಲಿ ಈ ಫೋಟೋಗಳು ಬೇಕಾ? ಹೊರದೇಶದಲ್ಲಿ ಮಾಡಿಕೊಳ್ಳಲಿ. ದೊಡ್ಡ ಕ್ಯಾಲೆಂಡರ್‌ಗಳೆಲ್ಲ ಅಲ್ಲೇ ಆಗುತ್ತವಲ್ಲ.

ಅಘನಾಶಿನಿ ತೀರ
ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ದೇವಸ್ಥಾನದ ಮುಂದಿನ ಕಡಲಿನಲ್ಲಿ ಜನ ಸ್ನಾನ ಮಾಡಿ ತರ್ಪಣ ಬಿಡುತ್ತಾರೆ. ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು ತಪ್ಪು, ಯಾವ ಶೂಟೇ ಆಗಲಿ. ಆದರೆ ತೀರ ಉದ್ದ ಇದೆ. ಪಾತಿ ದೋಣಿಯಲ್ಲಿ ಹತ್ತು ನಿಮಿಷ ಹೋದರೆ ಯಾರೂ ಇಲ್ಲದ ಜಾಗ ಸಿಗುತ್ತದೆ.

ಮೈಸೂರು ಕೊಳ
ಶಿರಸಿಯ ಸಹೋದರರಿಗೆ ನಮಸ್ಕಾರ. ನನಗೆ 52 ವರ್ಷ. ಬೆನ್ನು ನೋವಿಗೆ ಡಾಕ್ಟರ್ ಈಜು ಹೇಳಿದರು, 47ಕ್ಕೆ ಕಲಿತೆ. ಮೊದಲ ಈಜುಡುಗೆ ಕೊಳ್ಳಲು ಪಟ್ಟ ಪಾಡು ಹೇಳತೀರದು. ಚಿತ್ರದಲ್ಲಿ ಚಂದ ಇತ್ತು, ಮನೆಗೆ ಬಂದಾಗ ಬೆನ್ನು ಪೂರ್ತಿ ತೆರೆದದ್ದು. ಯಾಕೆ ಗೊತ್ತಾ? ಹಿಂದಿನಿಂದ ಒಂದು ಫೋಟೋ ತೆಗೆದಿರಲಿಲ್ಲ. ಮೂರು ಸಲ ವಾಪಸ್ ಕಳಿಸಿದೆ. ಈ ಚಿತ್ರಗಳನ್ನು ನೋಡುವವರು ನನ್ನಂಥ ಹೆಂಗಸರು. ನಮಗೆ ಬೇಕಾದದ್ದು ಮಾಹಿತಿ.

ಫೋಟೋ ತೆಗೆಯುವವರಿಗೆ ನನ್ನ ಕೋರಿಕೆ ಇಷ್ಟೇ. ಮುಂದೆ, ಹಿಂದೆ, ಪಕ್ಕ, ಮೂರನ್ನೂ ನೇರವಾಗಿ ನಿಲ್ಲಿಸಿ ತೆಗೆಯಿರಿ. ಪಟ್ಟಿ ಎಷ್ಟು ಅಗಲ, ತೋಳು ಎಲ್ಲಿ ಮುಗಿಯುತ್ತದೆ, ತೊಡೆ ಎಷ್ಟು ಮುಚ್ಚುತ್ತದೆ, ಕಾಣಬೇಕು. ಆಮೇಲೆ ಬೇಕಾದರೆ ಅಲೆ, ಸೂರ್ಯಾಸ್ತ ಎಲ್ಲ ಇರಲಿ. ಮಾಡೆಲ್ ಎತ್ತರ, ಹಾಕಿಕೊಂಡ ಸೈಜು ಬರೆಯಲು ಹೇಳಿ. ಹೊಟ್ಟೆಯ ಮಡಿಕೆ, ತೊಡೆಯ ಗೆರೆ ಅಳಿಸಬೇಡಿ. ನನಗೂ ಇವೆ.

ಶಿರಸಿ ಓದುಗ
ಅಕ್ಕಾ, ಈ ರೀತಿ ಯೋಚಿಸಿರಲಿಲ್ಲ. ನನ್ನ ಮಗಳೂ ಈಜಲು ಹೋಗುತ್ತಾಳೆ. ದೇವಸ್ಥಾನದ ಹತ್ತಿರ ಬೇಡ ಅನ್ನುವ ಮಾತು ಮಾತ್ರ ಹಾಗೇ ಇದೆ.

ಕಡಲ ಬೆಳಕು
ಕ್ಯಾಲೆಂಡರ್ ಮಾತು ಬಂತು, ಅದಕ್ಕೊಂದು ಉತ್ತರ. ನಮ್ಮ ಬೆಂಗಳೂರಿನ ಬಿಯರ್ ಕಂಪನಿ ಯುಬಿ ಗ್ರೂಪ್ 2003ರಲ್ಲಿ ಈಜುಡುಗೆ ಚಿತ್ರಗಳ ಕಿಂಗ್‌ಫಿಷರ್ ಕ್ಯಾಲೆಂಡರ್ ಶುರು ಮಾಡಿತು. ಫೋಟೋಗ್ರಾಫರ್ ಅತುಲ್ ಕಸ್ಬೇಕರ್ ವರ್ಷಗಟ್ಟಲೆ ಅದರ ಚಿತ್ರ ತೆಗೆದರು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2006ರದರಲ್ಲಿ ಇದ್ದರು. ಚಿತ್ರಗಳು ಚೆನ್ನಾಗಿವೆ, ನಾನೂ ನೋಡಿ ಕಲಿತಿದ್ದೇನೆ. ಆದರೆ ಒಂದು ತಿಂಗಳಿಗೆ ಒಂದು ಚಿತ್ರ ಆರಿಸುವ ಕೆಲಸ ಬೇರೆ, ಎರಡು ದಿನದಲ್ಲಿ 14 ಉಡುಪು ಮುಗಿಸುವುದು ಬೇರೆ. ಹುಬ್ಬಳ್ಳಿಯವರು ಆ ಭಂಗಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬಾರದು. ಮೈಸೂರು ಕೊಳದ ಅಕ್ಕ ಹೇಳಿದ್ದನ್ನು ಬರೆದಿಟ್ಟುಕೊಂಡು ಹೋಗಬೇಕು.

ಬಣ್ಣದ ಪೆಟ್ಟಿಗೆ
ಮೇಕಪ್ ಮತ್ತು ಸ್ಟೈಲಿಂಗ್ ನನ್ನದು. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ಮಾಡೆಲ್‌ಗಳು ಹಿಂದಿನ ರಾತ್ರಿಯಿಂದ ಬಿಗಿ ಬಟ್ಟೆ ಹಾಕಬಾರದು. ಪ್ರಯಾಣದಲ್ಲಿ ಜೀನ್ಸ್ ಹಾಕಿ ಬಂದರೆ ಸೊಂಟದ ಸುತ್ತ ಗುಂಡಿಯ ಗುರುತು ಸಮೇತ ಕೆಂಪು ಗೆರೆ. ಕಾಲುಚೀಲದ ಗೆರೆ ಕೂಡ. ಇವು ಮಾಯಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಸಡಿಲ ನೈಟಿ ಹಾಕಿ ಬರಲಿ.

ಒಣ ಚಿತ್ರ ಮೊದಲು, ಒದ್ದೆ ಆಮೇಲೆ. ಒಂದು ಸಲ ಕೂದಲು ನೆನೆದರೆ ಮತ್ತೆ ಒಣ ಚಿತ್ರಕ್ಕೆ ಬರಲು ಆಗುವುದಿಲ್ಲ. ಒದ್ದೆ ಬಟ್ಟೆ ಒಂದು ಛಾಯೆ ಗಾಢವೂ ಆಗುತ್ತದೆ. ಗಿರಾಕಿ ನೋಡುವ ಬಣ್ಣ ಒಣಗಿದ್ದು.

ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಉಡುಪನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಅದ್ದಿ, ಕೈ ಒಳಗೆ ಹಾಕಿ ಬಿಸಿಲಿಗೆ ಹಿಡಿದು ನೋಡಿ. ಬೆರಳು ಕಂಡರೆ ಅದನ್ನು ನೀರಿಗೆ ಇಳಿಸಬೇಡಿ. ಇದನ್ನು ಶೂಟಿನಲ್ಲಿ ಕಂಡುಹಿಡಿಯಬಾರದು. ಮಾಡೆಲ್‌ಗೆ ಗೊತ್ತಾಗದೆ ಒಂದೆರಡು ಫ್ರೇಮ್ ಹಾಗೆ ಬಂದರೆ ಅವರ ಎದುರಿಗೇ ಅಳಿಸಿ.

ಸನ್‌ಸ್ಕ್ರೀನ್ ಬೇಕೇ ಬೇಕು, ಆದರೆ ಜಿಂಕ್ ಇರುವುದು ಫ್ಲ್ಯಾಶಿಗೆ ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮೊದಲೇ ಒಂದು ಪರೀಕ್ಷೆ ಚಿತ್ರ ತೆಗೆಯಿರಿ. ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಮರಳೆಲ್ಲ ಅಂಟುತ್ತದೆ. ನೀರಿನ ಹನಿ ಬೇಕಾದರೆ ಗ್ಲಿಸರಿನ್ ಬೆರೆಸಿದ ನೀರು ಸ್ಪ್ರೇ ಮಾಡಿ, ಹನಿ ಬೇಗ ಆರುವುದಿಲ್ಲ.

ಬಂಡೆಗೆ ಕಚ್ಚಿಕೊಂಡ ಚಿಪ್ಪು ಬ್ಲೇಡ್ ಇದ್ದ ಹಾಗೆ. ಕೊನೆಯ ಹೆಜ್ಜೆವರೆಗೂ ರಬ್ಬರ್ ಚಪ್ಪಲಿ ಇರಲಿ.

ಕರಾರು ಪತ್ರ
ಕಾಗದದ ಮಾತು ಯಾರೂ ಆಡಲಿಲ್ಲ. ಮಾಡೆಲ್‌ಗಳ ವಯಸ್ಸಿನ ದಾಖಲೆ ನೀವೇ ಕಣ್ಣಾರೆ ನೋಡಿ. 18 ತುಂಬದವರನ್ನು ಇಂಥ ಶೂಟಿಗೆ ನಿಲ್ಲಿಸುವಂತಿಲ್ಲ, ಮನೆಯವರು ಒಪ್ಪಿದರೂ ಬೇಡ. ಮಾಡೆಲ್ ಒಪ್ಪಿಗೆ ಕೊಡುವ ರಿಲೀಸ್ ಪತ್ರದಲ್ಲಿ ಚಿತ್ರ ಎಲ್ಲಿ, ಎಷ್ಟು ವರ್ಷ ಬಳಸುತ್ತಾರೆ ಎಂದು ಬಿಡಿಸಿ ಬರೆಯಬೇಕು. ವೆಬ್‌ಸೈಟಿಗೆ ಒಪ್ಪಿದವರು ಹೆದ್ದಾರಿಯ ಹೋರ್ಡಿಂಗಿಗೆ ಒಪ್ಪಿದಂತಲ್ಲ. ಕನ್ನಡದಲ್ಲೇ ಬರೆಯಿರಿ, ಓದಿ ಸಹಿ ಮಾಡಲಿ.

ನಿಮ್ಮ ಹಕ್ಕಿನದೂ ಕೇಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು, ಬೇರೆ ಕರಾರು ಇಲ್ಲದಿದ್ದರೆ. ನಿಮ್ಮ ಪುಟದಲ್ಲಿ ಹಾಕಿಕೊಳ್ಳಬೇಕಾದರೆ ಬ್ರ್ಯಾಂಡಿನವರಿಂದಲೂ ಮಾಡೆಲ್‌ಗಳಿಂದಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಗದಗ ಕ್ಲಿಕ್
ಡ್ರೋನ್ ಹಾರಿಸಬಹುದಾ?

ಅಘನಾಶಿನಿ ತೀರ
ಬಿಟ್ಟುಬಿಡಿ ಅಣ್ಣ. ಕಾರವಾರದ ಕಡೆ ನೌಕಾನೆಲೆ ಇದೆ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಲ್ಲೂ ಮೇಲೆತ್ತಬಾರದು. ಅನುಮತಿ ಸಿಕ್ಕರೂ ಡ್ರೋನ್ ಸದ್ದು ಕೇಳಿದ ಕೂಡಲೇ ಊರ ಹುಡುಗರೆಲ್ಲ ಓಡಿ ಬರುತ್ತಾರೆ. ಈ ಶೂಟಿಗೆ ಅದು ಬೇಕಾ?

ಹುಬ್ಬಳ್ಳಿ ಫೋಕಸ್
ಮುಗಿಸಿ ಬಂದೆ. ಹೇಳದೆ ಇರಲಾರೆ, ಸ್ವಲ್ಪ ಉದ್ದ ಆದೀತು.

ಹಿಂದಿನ ದಿನ ಸಂಜೆ ಹೋಗಿ ಮೀನುಗಾರರ ಹಿರಿಯರ ಜೊತೆ ಮಾತಾಡಿದೆ. ಬಡಗು ತುದಿಯ ಬಂಡೆಯ ಆಚೆ ಹೋಗಿ ಅಂದರು. ಅವರ ತಮ್ಮನೇ ಈಜುಗಾರನಾಗಿ ನಿಂತರು. ಟೆಂಟಿನ ಬಾಗಿಲು ಕಡಲ ಕಡೆ ಮಾಡಿದೆವು. ಮೊಬೈಲಿಗೆ ಸ್ಟೀಲ್ ಡಬ್ಬಿ ಒಯ್ದಿದ್ದೆ, ಮೊದಲು ನನ್ನದು ಹಾಕಿದೆ. ಯಾರೂ ತಕರಾರು ಮಾಡಲಿಲ್ಲ.

ಮೊದಲ ಬೆಳಿಗ್ಗೆ ಗುಡ್ಡದ ನೆರಳಿನಲ್ಲಿ ಶುರು. ಕಡಲ ಬೆಳಕು ಸರ್ ಹೇಳಿದ ಹಾಗೇ ಇತ್ತು. 85ರಲ್ಲಿ ಐದು ಉಡುಪು ಮುಗಿದವು. ಮುಂದೆ, ಹಿಂದೆ, ಪಕ್ಕ. ಒಂದು ಕೆಂಪು ಉಡುಪು ಕಾಡಿತು. ಸ್ಕ್ರೀನಿನಲ್ಲಿ ಸರಿ ಇದೆ ಅನಿಸುತ್ತಿತ್ತು, ಬಣ್ಣದ ಹಿಸ್ಟೋಗ್ರಾಂ (ಪ್ರತಿ ಬಣ್ಣ ಎಷ್ಟು ಬೆಳಗಿದೆ ಎಂದು ತೋರಿಸುವ ನಕ್ಷೆ) ತೆರೆದರೆ ಕೆಂಪು ಮಾತ್ರ ಬಲತುದಿಗೆ ಬಡಿದಿತ್ತು, ಅಂದರೆ ಅತಿಯಾಗಿತ್ತು. ಹೊಲಿಗೆಯ ಗೆರೆಗಳೇ ಮಾಯ. ಮುಕ್ಕಾಲು ಸ್ಟಾಪ್ ಇಳಿಸಿ ಮತ್ತೆ ತೆಗೆದೆ.

ಎರಡನೆಯ ದಿನ ಬೆಳಿಗ್ಗೆ ಎಂಟೂವರೆಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಿರಿಯ ಮಾಡೆಲ್ ನೀರಂಚಿನಲ್ಲಿ ನಡೆಯುತ್ತಿದ್ದರು. ಚಿತ್ರದಲ್ಲಿ ಏನೋ ಸರಿ ಇಲ್ಲ. ನಗು ಇದೆ, ಆದರೆ ಭುಜ ಕಿವಿಯ ಕಡೆಗೆ ಎದ್ದಿದೆ, ಕೈಬೆರಳು ಮಡಚಿಕೊಂಡಿವೆ. ಫೋಕಸ್ ತಪ್ಪೇ, ಬೆಳಕು ತಪ್ಪೇ ಎಂದು ನೋಡಿದೆ. ಆಮೇಲೆ ಅವರ ಕಣ್ಣು ಹೋಗುತ್ತಿದ್ದ ಕಡೆ ತಿರುಗಿದೆ. ಬಂಡೆ ಮೇಲೆ ಮೂವರು ಹುಡುಗರು, ಕೈಯಲ್ಲಿ ಫೋನ್.

ಕ್ಯಾಮೆರಾವನ್ನು ಸಹಾಯಕನ ಕೈಗೆ ಕೊಟ್ಟೆ. ಅಷ್ಟರಲ್ಲಿ ಬ್ರ್ಯಾಂಡಿನ ಮೇಡಂ ನಿಲುವಂಗಿ ಹೊದಿಸಿದ್ದರು. ನಾನು ಮತ್ತು ಈಜುಗಾರ ಅಣ್ಣ ಬಂಡೆ ಹತ್ತಿದೆವು. ಬೈಯಲಿಲ್ಲ. ಇವರು ಕೆಲಸಕ್ಕೆ ಬಂದವರು, ತೆಗೆದದ್ದನ್ನು ಅಳಿಸಿ ಎಂದು ಕೇಳಿದೆ. ಒಬ್ಬ ವಾದ ಮಾಡಿದ, ಅಣ್ಣ ಅವನ ಅಪ್ಪನ ಹೆಸರು ಹೇಳಿ ಮಾತಾಡಿದರು. ನಮ್ಮ ಮುಂದೆಯೇ ಅಳಿಸಿ, ಅಳಿಸಿದ ಚಿತ್ರ ಹೋಗಿ ಕೂರುವ ಜಾಗದಿಂದಲೂ ತೆಗೆದು ಹೋದರು. ಇಪ್ಪತ್ತು ನಿಮಿಷ ಹೋಯಿತು. ಆ ದಿನದ ಒಳ್ಳೆಯ ಬೆಳಕು ಅದೇ ಆಗಿತ್ತು.

ವಾಪಸ್ ಬಂದು ಮಾಡೆಲ್‌ಗೆ "ಆಯ್ತು ಮೇಡಂ, ಅಳಿಸಿದರು, ನಾನು ನೋಡಿದೆ" ಅಂದೆ. ಅವರು ಏನೂ ಹೇಳಲಿಲ್ಲ. ನಿಲುವಂಗಿ ಕೊಟ್ಟು ನೀರಿನ ಕಡೆ ನಡೆದರು. ವ್ಯೂಫೈಂಡರಿನಲ್ಲಿ ಭುಜ ಎರಡು ಬೆರಳು ಕೆಳಗಿಳಿದದ್ದು ಕಂಡಿತು. ಬಿಸಿಲು ಗಡುಸಾಗಿತ್ತು, ಬಿಳಿ ಬಟ್ಟೆಯ ಚೌಕಟ್ಟು ತಲೆ ಮೇಲೆ ಹಿಡಿಸಿದೆ. ಬ್ರ್ಯಾಂಡಿನ ಮೇಡಂ ಮುಖಪುಟಕ್ಕೆ ಆರಿಸಿದ್ದು ಆಮೇಲಿನ ಹನ್ನೆರಡು ಫ್ರೇಮಿನಲ್ಲಿ ಒಂದನ್ನು.

ಮೈಸೂರು ಕೊಳದ ಅಕ್ಕನಿಗೆ: ಹಿಂದಿನ ಚಿತ್ರ 14ಕ್ಕೆ 14 ಇವೆ.

ಮೈಸೂರು ಕೊಳ
ಅಂಗಡಿ ತೆರೆದ ದಿನ ಕೊಂಡಿ ಕಳಿಸಿ. ನನ್ನ ಸ್ನೇಹಿತೆಯರು ನಾಲ್ಕು ಜನ ಕಾಯುತ್ತಿದ್ದಾರೆ.

ಮರಳ ದಾರಿ
ಆ ಇಪ್ಪತ್ತು ನಿಮಿಷ ಅವರು ಮರೆಯುವುದಿಲ್ಲ ಸರ್. ಮುಂದಿನ ಸಲ ಬೇರೆ ಯಾರಾದರೂ ಕೇಳಿದರೆ ನಿಮ್ಮ ಹೆಸರೇ ಹೇಳುತ್ತಾರೆ. ನಮ್ಮಲ್ಲಿ ಮಾತು ಹಾಗೇ ಹರಡುವುದು.

ಹುಬ್ಬಳ್ಳಿ ಫೋಕಸ್
ಕೊನೆಯದಾಗಿ ಒಂದು. ಟ್ರೈಪಾಡ್ ಕಾಲು ತಿರುಗಿಸಿದರೆ ಕರಕರ ಅನ್ನುತ್ತಿದೆ. ಏನು ಮಾಡಲಿ?

ಕಡಲ ಬೆಳಕು
ಬಲವಂತವಾಗಿ ತಿರುಗಿಸಬೇಡಿ. ಕಾಲಿನ ಗಂಟುಗಳನ್ನು ಪೂರ್ತಿ ಬಿಚ್ಚಿ, ಸಿಹಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಬಿಡಿ. ನೀರು ಬದಲಿಸಿ ಮತ್ತೊಮ್ಮೆ. ನೆರಳಿನಲ್ಲಿ ಒಣಗಿಸಿ. ಕ್ಯಾಮೆರಾ, ಲೆನ್ಸ್ ಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಉಪ್ಪು, ಮರಳು ಗೀರುತ್ತವೆ.

ಹುಬ್ಬಳ್ಳಿ ಫೋಕಸ್
ಬಿಚ್ಚಿದೆ. ಒಂದೊಂದು ಕಾಲಿನಿಂದ ಚಮಚದಷ್ಟು ಮರಳು ಬಂತು. ಈಗ ಅಟ್ಟದ ನೆರಳಿನಲ್ಲಿ ಒಣಗುತ್ತಿದೆ.